ಕೇಳಬಾರದ ಮಾತು

ಧಾರವಾಡದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ಶಿವಗಂಗಾ ಹಳಿಯಾಳಕ್ಕೆ ಬಂದಿಳಿದದ್ದು ೧೯೮೧ರ ಮಳೆಗಾಲ ಮುಗಿಯುತ್ತ ಬಂದಾಗ. ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳಲ್ಲಿ ಇನ್ನೂ ಮೀಸೆ ಬಲಿಯದ ಹುಡುಗರು, ಮದುವೆಯಾಗದ ಹುಡುಗಿಯರು ತಮ್ಮ ಜೀವವನ್ನು ತಾವೇ ಯಾಕೆ ಕಳೆದುಕೊಳ್ಳುತ್ತಾರೆ ಎಂದು ಅಧ್ಯಯನ ಮಾಡುವ ಕೆಲಸ ಅವಳಿಗೆ ಬಂದಿತ್ತು. ಯೋಜನೆ ಬೆಂಗಳೂರಿನ ಒಬ್ಬ ಪ್ರಾಧ್ಯಾಪಕರದು. ಊರೂರು ತಿರುಗಿ ಮನೆಯವರನ್ನು ಮಾತಾಡಿಸುವುದು ಇವಳ ಪಾಲಿನದು. ಮುಂಡಗೋಡ ತಾಲೂಕಿನ ಪಾಳಾದ ಒಕ್ಕಲುಮನೆಯ ಮಗಳು, ಆ ಸೀಮೆಯ ಮಾತು ಬಲ್ಲವಳು ಎಂದು ಅವಳನ್ನೇ ಆರಿಸಿದ್ದರು. ಪಾಳಾದಲ್ಲಿದ್ದ ಅಣ್ಣ ಶೇಖಪ್ಪನಿಗೆ ಮಾತ್ರ ಈ ಕೆಲಸ ಸೇರಿರಲಿಲ್ಲ. "ಜ್ವರ ಕೆಮ್ಮು ನೋಡೂ ಡಾಕ್ಟರಾಗಿದ್ರ ಮಂದಿ ಮನಿಗೆ ಕರೀತಿದ್ರು. ನೀ ಹೋದ್ರ ಬಾಗಲಾ ಹಾಕ್ಕೋತಾರ ನೋಡು" ಎಂದಿದ್ದ.

ಶೇಖಪ್ಪನ ಮಾತು ಪೂರಾ ಸುಳ್ಳಾಗಲಿಲ್ಲ. ಬಾಗಿಲು ಯಾರೂ ಹಾಕಿಕೊಳ್ಳಲಿಲ್ಲ. ಚಾ ಕೊಟ್ಟರು, ಕೂರಿಸಿದರು, ಬೆಳೆಯ ಸುದ್ದಿ, ಮಳೆಯ ಸುದ್ದಿ ಮಾತಾಡಿದರು. ಆದರೆ ಸತ್ತವರ ಹೆಸರು ಎತ್ತಿದ ಕೂಡಲೇ ಎಲ್ಲರ ಮನೆಯಲ್ಲೂ ಒಂದೇ ಉತ್ತರ. ಹೊಟ್ಟೆನೋವಿತ್ತು, ತಾಳಲಾರದೆ ಹಾಗೆ ಮಾಡಿಕೊಂಡ. ಪಂಚನಾಮೆಯಲ್ಲೂ ಅದನ್ನೇ ಬರೆಸಿದ್ದರು. ಹೊಟ್ಟೆನೋವು ಎಂದರೆ ಯಾರ ಮೇಲೂ ಮಾತು ಬರುವುದಿಲ್ಲ, ಉಳಿದ ಮಕ್ಕಳ ಮದುವೆಗೆ ಅಡ್ಡಿಯಾಗುವುದಿಲ್ಲ, ಹೆಚ್ಚು ಕೇಳುವವರೂ ಇರುವುದಿಲ್ಲ.

ಹಳಿಯಾಳದಿಂದ ಸ್ವಲ್ಪ ದೂರದ ಹುಣಸಿಕೊಪ್ಪದಲ್ಲಿ ಚನಬಸಪ್ಪನೆಂಬ ರೈತನ ಮನೆಗೂ ಅವಳು ಹೋದಳು. ಅವನ ಹಿರಿಯ ಮಗ ಸೋಮಪ್ಪ ಹಿಂದಿನ ವರ್ಷ ತೀರಿಕೊಂಡಿದ್ದ. ಇಪ್ಪತ್ತು ತುಂಬಿರಲಿಲ್ಲ. ಚನಬಸಪ್ಪ ಎತ್ತರದ ಆಳು, ಹಣೆ ತುಂಬ ವಿಭೂತಿ, ಎದುರಿಗಿದ್ದವರ ಮುಖ ನೋಡದೆ ಅಂಗಳದ ಕಡೆ ನೋಡುತ್ತ ಮಾತಾಡುವವನು.

"ಹೊಟ್ಟಿನೋವಿತ್ತರಿ ಅವಗ" ಎಂದ. "ಸಣ್ಣಾವಿದ್ದಾಗಿಂದ ಇತ್ತು. ಅಷ್ಟ ಐತಿ ನೋಡ್ರಿ ಹೇಳೂದು."

ಶಿವಗಂಗಾ ಒತ್ತಾಯ ಮಾಡಲಿಲ್ಲ. ಚಾ ಕುಡಿದು ಎದ್ದಳು. ಆ ಕಡೆ ಬಂದಾಗಲೆಲ್ಲ ಹೋದಳು. ಹೋದಾಗಲೆಲ್ಲ ಚನಬಸಪ್ಪ ಕಟ್ಟೆಯ ಮೇಲೆ ಚಾಪೆ ಹಾಸಿದ, ಅದೇ ಮಾತು ಹೇಳಿದ. ಅವನ ಹೆಂಡತಿ ನೀಲಕ್ಕ ನಡುಮನೆಯ ಬಾಗಿಲಲ್ಲಿ ಸೆರಗು ಹೊದ್ದು ನಿಂತಿರುತ್ತಿದ್ದಳು. ಮಾತಿಲ್ಲ. ಒಂದು ದಿನ ಮಾತ್ರ, ಶಿವಗಂಗಾ ಬಸ್ಸಿಗೆ ಹೊರಟಾಗ, ಎಮ್ಮೆಗೆ ಹುಲ್ಲು ತರುವ ನೆವದಲ್ಲಿ ನೀಲಕ್ಕ ಕುಡುಗೋಲು ಹಿಡಿದು ಹಿಂದೆಯೇ ಬಂದಳು. ಊರ ಹೊರಗಿನ ಗದ್ದೆ ದಾಟುವ ತನಕ ಸುಮ್ಮನಿದ್ದು ಆಮೇಲೆ ಬಾಯಿ ಬಿಟ್ಟಳು.

"ಬಾಯಾರ, ಒಂದ ಮಾತ ಕೇಳ್ತೇನಿ. ಸಿಟ್ಟಾಗಬಾರ್ದು."

"ಕೇಳ್ರಿ ಅಕ್ಕಾರ."

"ನಮ್ಮ ಸೋಮು ಉಣ್ಣೂದು ಬಿಟ್ಟಿದ್ದ. ಭಜನಿಗೆ ಹೋಗೂದು ಬಿಟ್ಟಿದ್ದ. ಯಾರ ಕೂಡಾನೂ ಮಾತಿರ್ಲಿಲ್ಲ. ನನಗ ಒಳಗ ತಿಳದಿತ್ತರಿ, ಇವಗ ಏನೋ ಆಗೇತಿ ಅಂತ. ಕೇಳಬೇಕು ಅನಸ್ತು. ಕೇಳಿದ್ರ ಇಲ್ಲದ್ದು ತಲ್ಯಾಗ ಬಂದೀತು ಅಂತ ಹೆದರಿ ಸುಮ್ಮನಾದೆ." ಅವಳು ಕುಡುಗೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. "ನಾ ಕೇಳಿದ್ರ ಉಳೀತಿದ್ನೇನ್ರಿ?"

ಹದಿನಾಲ್ಕು ವರ್ಷ ವೈದ್ಯಕೀಯ ಓದಿ, ಕೆಲಸ ಮಾಡಿ, ಇಂಥ ಪ್ರಶ್ನೆಗೆ ಹೇಳುವ ಸಮಾಧಾನದ ಮಾತುಗಳು ಶಿವಗಂಗಾಳ ಬಾಯಲ್ಲಿ ಸಿದ್ಧವಾಗಿದ್ದವು. ಅವನ್ನು ಹೇಳಲು ಮನಸ್ಸು ಬರಲಿಲ್ಲ.

"ನನಗ ಗೊತ್ತಿಲ್ರಿ" ಎಂದಳು. "ಗೊತ್ತೈತಿ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ. ಆದ್ರ ನೀವು ಸುಮ್ಮನಾಗಿದ್ದು ಅವನ ಮ್ಯಾಲೆ ಜೀವ ಇಟ್ಟಿದ್ದಕ್ಕ. ಅದಂತೂ ಖರೆ."

ನೀಲಕ್ಕ ತಲೆಯಾಡಿಸಿದಳು. ಬಸ್ಸು ಬಂತು. ಬಸ್ಸು ತಿರುವು ದಾಟುವ ತನಕ ಅವಳು ಅಲ್ಲೇ ನಿಂತಿದ್ದಳು.

ಆ ಪ್ರಶ್ನೆ ಶಿವಗಂಗಾಳನ್ನು ಬಿಡಲಿಲ್ಲ. ಯಾಕೆಂದರೆ ನೀಲಕ್ಕನಿಗಿದ್ದ ಹೆದರಿಕೆ ಅವಳಿಗೂ ಇತ್ತು. ಅವಳಿಗೆ ಪಾಠ ಹೇಳಿದ ಹಿರಿಯರಲ್ಲೇ ಕೆಲವರು, ಸಾವಿನ ಮಾತನ್ನು ನೀನಾಗಿ ಎತ್ತಬೇಡ, ಮಲಗಿದ್ದನ್ನು ಎಬ್ಬಿಸಿದಂತಾದೀತು ಎಂದು ಎಚ್ಚರಿಸಿದ್ದರು. ಪುಸ್ತಕಗಳು ಬೇರೆಯದನ್ನೇ ಹೇಳುತ್ತಿದ್ದವು, ನೇರವಾಗಿ ಕೇಳು ಎನ್ನುತ್ತಿದ್ದವು. ಆಸ್ಪತ್ರೆಯೊಳಗೆ, ನಾಲ್ಕು ಗೋಡೆಗಳ ನಡುವೆ, ನರ್ಸುಗಳನ್ನು ಪಕ್ಕದಲ್ಲಿಟ್ಟುಕೊಂಡು ಅವಳು ಕೇಳಿದ್ದೂ ಉಂಟು. ಕಾಡಂಚಿನ ಒಂದು ಮನೆಯಲ್ಲಿ ಕೇಳಿ, ಸಂಜೆ ಬಸ್ಸು ಹತ್ತಿ ಹೊರಟುಬಿಡುವುದು ಬೇರೆ ಮಾತು.

ಸತ್ತವರ ಮನೆಗಳಿಂದ ತಿಳಿಯದ್ದು ಬದುಕಿ ಉಳಿದವರಿಂದ ತಿಳಿಯಬಹುದು ಎಂದುಕೊಂಡು ಅವಳು ಅಂಥವರನ್ನು ಹುಡುಕತೊಡಗಿದಳು. ಹುಣಸಿಕೊಪ್ಪದಿಂದ ಒಂದು ಹಳ್ಳ ದಾಟಿ ಹೋದರೆ ಹಿಂದೆ ಆಫ್ರಿಕಾದಿಂದ ಬಂದ ಸಿದ್ದಿ ಜನರ ಒಂದು ವಾಡೆ, ಕೆಲವೇ ಮನೆಗಳ ಸಣ್ಣ ಕೇರಿ. ಅಲ್ಲಿಯ ಪೆದ್ರುವಿನ ಮಗಳು ಜುಲಿಯಾನಾಳನ್ನು ಬೇಸಿಗೆಯಲ್ಲಿ ಆಸ್ಪತ್ರೆಗೆ ಒಯ್ದು ಉಳಿಸಿಕೊಂಡಿದ್ದರು. ಸುತ್ತಲಿನ ಊರಿಗೆಲ್ಲ ಆ ಸುದ್ದಿ ಗೊತ್ತಿತ್ತು. ಪೆದ್ರು ದಾಂಡೇಲಿಯ ಕಡೆ ಬಿದಿರು ಕಡಿಯುವ ಕೆಲಸಕ್ಕೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಮನೆಯಲ್ಲಿ ತಾಯಿ ಅನ್ನಾ ಮತ್ತು ಹದಿನೆಂಟರ ಮಗಳು. ಆ ದಿನದಿಂದ ಅನ್ನಾ ಮಗಳನ್ನು ಕಣ್ಣಳತೆಯಿಂದ ಆಚೆ ಬಿಟ್ಟವಳಲ್ಲ. ಬಾವಿಗೆ ಹೋದರೆ ಬಾವಿಗೆ, ಪೂಜೆಗೆ ಇಗರ್ಜಿಗೆ ಹೋದರೆ ಅಲ್ಲಿಗೆ, ಹಿಂದೆಯೇ. ಆದರೆ ಆ ದಿನದ ಬಗ್ಗೆ ತಾಯಿ ಮಗಳು ಒಂದೇ ಒಂದು ಮಾತು ಆಡಿಕೊಂಡಿರಲಿಲ್ಲ.

ಶಿವಗಂಗಾ ಹೋದಾಗ ಜುಲಿಯಾನಾ ಅಂಗಳದಲ್ಲಿ ಕೂತು ಅಕ್ಕಿ ಕೇರುತ್ತಿದ್ದಳು. ತೆಳ್ಳನೆಯ ಹುಡುಗಿ, ಗುಂಗುರು ಕೂದಲನ್ನು ಬಿಗಿಯಾಗಿ ಹೆಣೆದುಕೊಂಡಿದ್ದಳು, ಕಣ್ಣ ಕೆಳಗೆ ನಿದ್ದೆಗೆಟ್ಟ ಗುರುತು. ಅನ್ನಾ ಡಾಕ್ಟರಬಾಯಿಯನ್ನು ಬೇಲಿಯ ಹತ್ತಿರವೇ ತಡೆದು ನಿಲ್ಲಿಸಿದಳು.

"ಆ ಮಾತ ತೆಗೀಬ್ಯಾಡ್ರಿ ಬಾಯಾರ. ಮರತಾಳ. ಮರತಿದ್ದು ಛಲೋ ಅಲ್ಲೇನ್ರಿ?"

"ಮರತಾಳಂತ ನಿಮಗ ಹೆಂಗ ಗೊತ್ತಾತ್ರಿ?"

ಅನ್ನಾ ಮಗಳ ಕಡೆ ತಿರುಗಿ ನೋಡಿದಳು. ಬೇಲಿಯ ಗೇಟು ತೆಗೆದಳು.

ಶಿವಗಂಗಾ ಹುಡುಗಿಯ ಎದುರು ನೆಲದ ಮೇಲೆ ಕೂತಳು. ತಾನು ಯಾರು, ಯಾಕೆ ಬಂದೆ ಎಂದು ಹೇಳಿದಳು. ಊಟ, ನಿದ್ದೆ, ಕೆಲಸದ ಬಗ್ಗೆ ಕೇಳಿದಳು. ಜುಲಿಯಾನಾ ಮೊರದಿಂದ ಕಣ್ಣೆತ್ತದೆ ಉತ್ತರ ಕೊಡುತ್ತಿದ್ದಳು. ಕೇಳಬೇಕಾದ ಮಾತಿನ ಸುತ್ತ ಶಿವಗಂಗಾ ಬಹಳ ಹೊತ್ತು ತಿರುಗಿದಳು. ಕೊನೆಗೆ, ಬೇರೆ ಮಾತುಗಳನ್ನು ಕೇಳಿದ ದನಿಯಲ್ಲೇ ಕೇಳಿದಳು:

"ಜುಲಿಯಾನಾ, ಸಾಯಬೇಕು ಅಂತ ಈಗೂ ಅನಸ್ತೈತೇನವಾ?"

ಮೊರ ನಿಂತಿತು. ಅನ್ನಾ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

"ಅನಸ್ತೈತ್ರಿ" ಎಂದಳು ಹುಡುಗಿ. "ಯಾವಾಗ್ಲೂ ಅಲ್ಲ. ಮುಂಜಾನೆ ಎದ್ದ ಕೂಡ್ಲೆ ಅನಸ್ತೈತಿ. ಊಟದ ಹೊತ್ತಿಗೆ ಕಮ್ಮಿ ಆಕ್ಕೈತಿ."

"ಅವತ್ತೂ ಹಂಗ ಇತ್ತೇನು?"

"ಅವತ್ತ ಸಾಯಬೇಕು ಅಂತ ಇರ್ಲಿಲ್ರಿ ಬಾಯಾರ. ಆ ದಿನ ಮುಗದ್ರ ಸಾಕಾಗಿತ್ತು. ಅದು ಮುಗೀವಲ್ದಾಗಿತ್ತು." ಅವಳು ಈಗ ತಲೆಯೆತ್ತಿದಳು. "ಏನಾಗಿತ್ತು, ಏನಾಗಿತ್ತು ಅಂತ ಎಲ್ಲಾರೂ ಕೇಳಿದ್ರು. ಯಾವ ಹುಡುಗ ಅಂತ ಕೇಳಿದ್ರು. ಏನೂ ಆಗಿರ್ಲಿಲ್ರಿ. ಅದನ್ನ ಯಾರೂ ನಂಬಲಿಲ್ಲ. ಕಡೀಕ ಯಾವದರ ಒಂದ ಹೆಸರ ಹೇಳಿಬಿಡೂಣು ಅಂದ್ಕೊಂಡಿದ್ದೆ."

ಶಿವಗಂಗಾಳಿಗೆ ಸಣ್ಣಗೆ ನಗು ಬಂತು. ಜುಲಿಯಾನಾಳ ತುಟಿಯೂ ಒಂದಿಷ್ಟು ಸಡಿಲಾಯಿತು.

"ನನಗ್ಯಾಕ ಹೇಳ್ಲಿಲ್ಲ?" ಅನ್ನಾ ನಿಂತಲ್ಲಿಂದಲೇ ಕೇಳಿದಳು.

"ನೀ ಹೆದರಿದ್ದಿ ಆಯೀ. ನಿನ್ನ ಇನ್ನಷ್ಟ ಹೆದರಸೂದು ಬ್ಯಾಡ ಅಂತ."

ಇದು ಮನಸ್ಸಿನ ಕಾಯಿಲೆ, ಇದಕ್ಕೆ ಗುಳಿಗೆ ಉಂಟು, ಆದರೆ ಇವತ್ತು ನುಂಗಿದರೆ ನಾಳೆ ಹೋಗುವಂಥದ್ದಲ್ಲ, ಕೆಲವು ವಾರ ಬೇಕು ಎಂದು ಶಿವಗಂಗಾ ತಾಯಿ ಮಗಳಿಬ್ಬರನ್ನೂ ಕೂರಿಸಿಕೊಂಡು ವಿವರಿಸಿದಳು. ಗುಳಿಗೆ ಅನ್ನಾಳ ಹತ್ತಿರ ಇರಬೇಕು. ಮುಂಜಾನೆ ಹುಡುಗಿಯನ್ನು ಒಬ್ಬಳನ್ನೇ ಬಿಡಬಾರದು. ಕಾವಲು ಕಾಯುವಂತಲ್ಲ, ಜೊತೆಗಿರುವಂತೆ. ಹಾಗೆ ಬಹಳ ಅನ್ನಿಸಿದ ದಿನ ಹೇಳಬೇಕು. ಹೇಳುತ್ತೇನೆ ಎಂದು ಜುಲಿಯಾನಾ ಒಪ್ಪಿದಳು.

ಸಂಜೆ ಹಳಿಯಾಳದ ಪ್ರವಾಸಿ ಮಂದಿರಕ್ಕೆ ಬಂದ ಶಿವಗಂಗಾಳಿಗೆ ತಾನು ಕೇಳಿದ ಮಾತೇ ತಲೆಯಲ್ಲಿ ತಿರುಗುತ್ತಿತ್ತು. ಮರುದಿನ ಮುಂಡಗೋಡಕ್ಕೆ ಹೋಗುವುದಿತ್ತು. ಅದನ್ನು ಬಿಟ್ಟು ಮೊದಲ ಬಸ್ಸಿಗೆ ಹುಣಸಿಕೊಪ್ಪದಲ್ಲಿಳಿದು, ಹಳ್ಳ ದಾಟಿ ಓಡುವ ಹಾಗೆ ನಡೆದಳು. ಮಂಜು ಇನ್ನೂ ಗದ್ದೆಯ ಮೇಲೆ ಮಲಗಿತ್ತು. ಅಂಗಳದಲ್ಲಿ ತಾಯಿ ಮಗಳು ಒಲೆಗೆ ಸೌದೆ ಸೀಳುತ್ತಿದ್ದರು.

ಜುಲಿಯಾನಾ ಅವಳನ್ನು ನೋಡಿ ಬೇಲಿಯ ತನಕ ಬಂದಳು. "ನಿನ್ನೆ ಏನರ ಬಿಟ್ಟ ಹೋಗಿದ್ರೇನ್ರಿ ಬಾಯಾರ?"

"ಇಲ್ಲ. ನಿನ್ನ ನೋಡಾಕ ಬಂದೆ."

ಹುಡುಗಿ ಅವಳ ಮುಖವನ್ನೇ ನೋಡಿದಳು. "ಕೇಳಿದ್ದಕ್ಕ ಹೆದರಿದ್ರೇನು?"

"ಹೆದರಿದ್ದೆ."

"ಆಯಿ ನನ್ನ ಬಾಜೂಕ ಮಲಗಿದ್ಲರಿ. ಭಾಳ ಹೊತ್ತು ಮಾತಾಡಿದ್ವಿ. ಆಕೀಗೂ ಸಣ್ಣಾಕಿದ್ದಾಗ ಹಿಂಗ ಆಗಿತ್ತಂತ." ಇಷ್ಟು ಹೇಳಿ, ಚಾ ಕಾಸುತ್ತೇನೆ, ಕುಡಿದೇ ಹೋಗಬೇಕು ಎಂದು ಒಳಗೆ ಹೋದಳು.

ಮುಂದಿನ ತಿಂಗಳು ಪ್ರಾಧ್ಯಾಪಕರು ಧಾರವಾಡಕ್ಕೆ ಬಂದಿದ್ದಾಗ ಶಿವಗಂಗಾ ನಡೆದದ್ದನ್ನೆಲ್ಲ ಹೇಳಿದಳು. ತಾನು ಮಾತಾಡಿಸಿದ, ಬದುಕಿ ಉಳಿದವರಲ್ಲಿ ಹೆಚ್ಚಿನವರು ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳುತ್ತಿದ್ದಾರೆ, ಆ ಹೊತ್ತಿನಲ್ಲಿ ಯಾರಾದರೂ ಬಂದಿದ್ದರೆ ಹಾಗೆ ಮಾಡಿಕೊಳ್ಳುತ್ತಿರಲಿಲ್ಲ ಎನ್ನುತ್ತಾರೆ, ಆದ್ದರಿಂದ ಯಾರಾದರೂ ಹೋಗುವಂತೆ ಮಾಡಬೇಕು ಎಂದಳು. ಪ್ರಾಧ್ಯಾಪಕರು ಕನ್ನಡಕ ತೆಗೆದು ಒರೆಸಿಕೊಂಡರು.

"ಕಾಯಿಲೆಯವರಿಗೆ ಔಷಧ ಕೊಡಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಮನೆ ಮನೆಗೆ ಜನರನ್ನು ಕಳಿಸಿದರೆ, ಕಳಿಸದಿದ್ದರೆ ಏನಾಗುತ್ತಿತ್ತು ಅಂತ ಅಧ್ಯಯನದಲ್ಲಿ ನೀವು ಹೇಗೆ ಹೇಳುತ್ತೀರಿ?"

"ಹೇಳಲಿಕ್ಕೆ ಆಗುವುದಿಲ್ಲ ಸರ್."

ಅವರು ಸಿಟ್ಟಾಗಲಿಲ್ಲ. ಕನ್ನಡಕ ಮತ್ತೆ ಹಾಕಿಕೊಂಡರು. "ಸರಿ. ಸತ್ತವರನ್ನು ಎಣಿಸುವ ಕೆಲಸ ನಿಲ್ಲಿಸಬೇಡಿ. ಹಳಿಯಾಳ, ಜೋಯಿಡಾದ ಕಡೆ ಕೆಲವು ಊರುಗಳಲ್ಲಿ ಇದನ್ನೂ ಮಾಡಿ ನೋಡಿ. ಆದರೆ ವಾರ ವಾರ ಹೋಗುವವರು ಯಾರು? ನೀವೊಬ್ಬರೇ ಅಷ್ಟೂ ಊರು ಸುತ್ತುತ್ತೀರಾ?"

ಅವಳು ಹೋಗುವವರನ್ನು ಹುಡುಕತೊಡಗಿದಳು. ನರ್ಸುಗಳಿಗೆ ಕೈತುಂಬ ಕೆಲಸವಿತ್ತು. ಇಗರ್ಜಿಯ ಪಾದ್ರಿ ಒಪ್ಪಿದರು, ಆದರೆ ಅವರ ಕೈಗೆ ಹತ್ತಾರು ವಾಡೆಗಳಿದ್ದವು. ಜೋಯಿಡಾದಲ್ಲಿ ಒಬ್ಬರು, ಅದೇ ತಾಲೂಕಿನ ರಾಮನಗರದ ಕಡೆ ಶಿವಲಿಂಗಪ್ಪ ಎಂಬ ಶಾಲೆಯ ಮಾಸ್ತರರು ಸಿಕ್ಕರು. ಉಳಿದವರೆಲ್ಲ ಒಂದೇ ಮಾತು ಹೇಳಿ ಕೈ ಚೆಲ್ಲಿದರು: ನಾವು ಹೋಗಿಬಂದ ಮೇಲೆ ಏನಾದರೂ ಆದರೆ ನಮ್ಮ ತಲೆಗೆ ಬರುತ್ತದೆ.

ಹುಣಸಿಕೊಪ್ಪದ ಕಟ್ಟೆಯ ಮೇಲೆ ಕೂತು ಶಿವಗಂಗಾ ಇದನ್ನು ಚನಬಸಪ್ಪನಿಗೆ ಹೇಳುತ್ತಿದ್ದಳು. ಏನನ್ನೋ ಕೇಳಲಿಕ್ಕೆಂದಲ್ಲ, ದಣಿದಿದ್ದಳು, ಅವನು ಸುಮ್ಮನೆ ಕೇಳಿಸಿಕೊಳ್ಳುವವನು. ಹಳ್ಳದಾಚೆಯ ವಾಡೆಗೂ ಯಾರೂ ಸಿಕ್ಕಿಲ್ಲ ಎಂದಾಗ ನಡುಮನೆಯ ಬಾಗಿಲಿಂದ ನೀಲಕ್ಕ ಮಾತಾಡಿದಳು.

"ನಾ ಹೋಗ್ತೇನಿ."

ಚನಬಸಪ್ಪ ತಿರುಗಿದ. "ಎಲ್ಲಿಗೆ?"

"ಪೆದ್ರೂನ ಮನಿಗೆ."

"ಅಲ್ಲಿ ಹೋಗಿ ಏನ ಮಾಡಾಕಿ?"

"ಕುಂಡ್ರತೇನಿ."

ಸಿದ್ದಿಗಳು ಹುಣಸಿಕೊಪ್ಪದ ಹೊಲಗಳಿಗೆ ಕೆಲಸಕ್ಕೆ ಬರುತ್ತಿದ್ದರೇ ಹೊರತು ಊರ ಹೆಂಗಸರು ವಾಡೆಗೆ ಹೋಗಿ ಕೂತ ರೂಢಿ ಇರಲಿಲ್ಲ. ಚನಬಸಪ್ಪ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಎದ್ದು ಹಿತ್ತಲಿಗೆ ಹೋದ.

ಶಿವಗಂಗಾಳಿಗೂ ಅಳುಕಿತ್ತು. ಮಗನನ್ನು ಕಳೆದುಕೊಂಡ ತಾಯಿಯ ಮೇಲೆ ಇಂಥ ಭಾರ ಹೊರಿಸಬಹುದೇ? ಹುಡುಗಿಗೆ ಏನಾದರೂ ಆದರೆ ಈಕೆಯ ಗತಿಯೇನು? ಅವಳು ಇದನ್ನು ಮುಚ್ಚಿಡದೆ ನೀಲಕ್ಕನ ಮುಂದೆ ಹೇಳಿದಳು. ನೀಲಕ್ಕ ಹೇಳಿದ್ದು ಇಷ್ಟೇ: "ಮನ್ಯಾಗ ಕುಂತ್ರೂ ಅದನ್ನ ನೆನಸ್ತೇನ್ರಿ. ಅಲ್ಲಿ ಕುಂತ್ರ ಒಬ್ಬರ ಜೋಡಿ ಇದ್ದಂಗರ ಆಕ್ಕೈತಿ." ಹಾಗಾದರೆ ಬುದ್ಧಿ ಹೇಳಬೇಡಿ, ನೇರ ಕೇಳಿ, ಹೇಳಿದ್ದನ್ನು ಕೇಳಿಸಿಕೊಳ್ಳಿ, ಹುಡುಗಿ ಬಹಳ ಕಷ್ಟದಲ್ಲಿದ್ದರೆ ಬಿಟ್ಟು ಬರದೆ ಆಸ್ಪತ್ರೆಗೆ ಹೇಳಿಕಳಿಸಿ, ನಿಮಗೇ ತಡೆಯದಾದರೆ ನಿಲ್ಲಿಸಿಬಿಡಿ ಎಂದು ಶಿವಗಂಗಾ ಹೇಳಿಕೊಟ್ಟಳು. ಜುಲಿಯಾನಾಳನ್ನೂ ಕೇಳಿದಳು. "ಚನಬಸಪ್ಪಾರ ಮನಿ ಅವ್ವಾರು ನಮ್ಮ ಮನಿಗಾ?" ಎಂದು ಹುಡುಗಿ ನಂಬಲಾರದೆ ಕೇಳಿ, ಆಮೇಲೆ "ಬರ್ಲಿ" ಎಂದಳು.

ಮೊದಲ ದಿನ ನೀಲಕ್ಕ ಸೆರಗಿನಲ್ಲಿ ಹುರಿದ ಶೇಂಗಾ ಕಟ್ಟಿಕೊಂಡು ಹೋದಳು. ಅನ್ನಾ ಅಂಗಳದಲ್ಲಿ ಚಾಪೆ ಹಾಸಿದಳು. ಒಳಗೆ ಬಾ ಎಂದು ಅವಳು ಕರೆಯಲಿಲ್ಲ, ಬರುತ್ತೇನೆ ಎಂದು ಇವಳೂ ಅನ್ನಲಿಲ್ಲ. ನೀರು ಕೊಡಬೇಕೋ ಬೇಡವೋ ಎಂದು ಅನ್ನಾ ತಂಬಿಗೆ ಹಿಡಿದು ಒಳಗೂ ಹೊರಗೂ ಆಡಿದಳಂತೆ. ಇದನ್ನೆಲ್ಲ ಶಿವಗಂಗಾಳಿಗೆ ಹೇಳಿದವಳು ಜುಲಿಯಾನಾ, ನಗುತ್ತ. ಕೆಲವು ವಾರಗಳ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಜೋರು ಮಳೆ ಬಂತು, ಎಲ್ಲರೂ ಒಳಗೆ ಓಡಿದರು, ಒದ್ದೆಯಾದ ನೀಲಕ್ಕ ಒಲೆಯ ಮುಂದೆ ಕೂತು ಹಾಲಿಲ್ಲದ ಚಾ ಕುಡಿದಳು. ಅವತ್ತಿನಿಂದ ಚಾಪೆಯನ್ನು ಒಳಗೇ ಹಾಸತೊಡಗಿದರು. ಅವ್ವಾರ ಎನ್ನುತ್ತಿದ್ದ ಹುಡುಗಿ ಚಿಕ್ಕಮ್ಮನನ್ನು ಕರೆಯುವಂತೆ ಮಾವಶಿ ಎನ್ನತೊಡಗಿದಳು.

ಹುಣಸಿಕೊಪ್ಪದಲ್ಲಿ ಮಾತಾಯಿತು. ಮಗ ಹೋದ ಮೇಲೆ ನೀಲಕ್ಕನ ತಲೆ ನೆಟ್ಟಗಿಲ್ಲ ಎಂದರು ಕೆಲವರು. ಗುಡಿಯ ಕಟ್ಟೆಯಲ್ಲಿ ಹಿರಿಯರೊಬ್ಬರು ಚನಬಸಪ್ಪನನ್ನು ಕೂರಿಸಿಕೊಂಡು ಹೆಂಡತಿಗೆ ಬುದ್ಧಿ ಹೇಳೆಂದರು. ಅವನು ಅವರ ಎದುರು ಏನೂ ಆಡಲಿಲ್ಲ, ಮನೆಗೆ ಬಂದು ಹೆಂಡತಿಯ ಜೊತೆಗೂ ಏನೂ ಆಡಲಿಲ್ಲ. ಎಷ್ಟೋ ದಿನ ಊಟಕ್ಕೆ ಬಡಿಸು ಎಂದು ಸಹ ಅನ್ನಲಿಲ್ಲ, ತಾಟಿನ ಮುಂದೆ ಬಂದು ಕೂಡುತ್ತಿದ್ದ. ಆದರೆ ಹೋಗಬೇಡ ಎಂದು ತಡೆಯಲೂ ಇಲ್ಲ. ಮುಂದಿನ ಮಳೆಗಾಲದಲ್ಲಿ ಹಳ್ಳಕ್ಕೆ ನೀರು ಬಂದಾಗ, ಒಂದು ಅಗಲವಾದ ಮರದ ದಿಮ್ಮಿ ತರಿಸಿ ಹಳ್ಳಕ್ಕೆ ಅಡ್ಡ ಹಾಕಿಸಿದ. ಯಾಕೆಂದು ಶಿವಗಂಗಾ ಕೇಳಿದರೆ, "ಎತ್ತು ದಾಟಾಕ್ರಿ" ಎಂದ. ದಿಮ್ಮಿಯ ಮೇಲೆ ಎತ್ತು ನಡೆಯುವುದಿಲ್ಲವೆಂದು ಪಾಳಾದ ಒಕ್ಕಲುಮನೆಯ ಮಗಳಿಗೆ ಗೊತ್ತಿತ್ತು. ಅವಳು ಹೌದೆಂದು ತಲೆಯಾಡಿಸಿದಳು.

ಜುಲಿಯಾನಾ ಗೆಲುವಾಗುತ್ತಿದ್ದಳು. ಮೈ ತುಂಬಿತು, ಸಣ್ಣ ಮಕ್ಕಳನ್ನು ಕೂಡಿಸಿಕೊಂಡು ಹಾಡು ಹೇಳಿಕೊಡುತ್ತಿದ್ದಳು. ಎಲ್ಲ ಸರಿಯಾಯಿತು ಎಂದು ಎಲ್ಲರಿಗೂ ಅನ್ನಿಸಿತ್ತು. ಹಾಗೆ ಅನ್ನಿಸಿದ್ದೇ ತೊಡಕಾಯಿತು.

ಆ ವರ್ಷದ ದೀಪಾವಳಿ ಕಳೆದ ಮೇಲೆ ನೀಲಕ್ಕ ಮುಂಡಗೋಡದಲ್ಲಿದ್ದ ತನ್ನ ತಂಗಿ ಕಾಶೆವ್ವನ ಮನೆಗೆ ಬಾಣಂತನಕ್ಕೆ ಹೋಗಿದ್ದಳು. ವಾಪಸು ಬರುವ ದಿನ ಶಿವಗಂಗಾಳೂ ಅದೇ ಬಸ್ಸಿನಲ್ಲಿದ್ದಳು. ಇಬ್ಬರೂ ಬೆಳಗಿನ ಬಿಸಿಲೇರುವ ಹೊತ್ತಿಗೆ ಹುಣಸಿಕೊಪ್ಪದಲ್ಲಿ ಇಳಿದು ಮನೆಯ ಕಡೆ ನಡೆದರು. ಓಣಿಯ ತುದಿಯಲ್ಲಿ ನೀಲಕ್ಕನ ಕಾಲು ನಿಂತಿತು.

ಕಟ್ಟೆಯ ಒಂದು ತುದಿಯಲ್ಲಿ ಚನಬಸಪ್ಪ ಕೂತು ಶೇಂಗಾ ಸುಲಿಯುತ್ತಿದ್ದ. ಇನ್ನೊಂದು ತುದಿಯಲ್ಲಿ ಜುಲಿಯಾನಾ. ಅವಳ ಹೆಣೆಯದ ಕೂದಲು ಬೆನ್ನ ಮೇಲೆ ಹರಡಿತ್ತು, ಕಾಲಿಗೆ ಚಪ್ಪಲಿ ಇರಲಿಲ್ಲ. ಅವಳ ಪಕ್ಕದಲ್ಲಿ ಮನೆಯ ಹಿತ್ತಾಳೆ ಲೋಟದಲ್ಲಿ ಅರ್ಧ ಕುಡಿದ ಚಾ. ಅವರಿಬ್ಬರೂ ಇವರನ್ನು ನೋಡಿರಲಿಲ್ಲ.

"ಈಗ ಹೆಂಗನಸ್ತೈತಿ? ಮುಂಜಾನಿಗಿಂತ?" ಚನಬಸಪ್ಪ ಕೇಳುತ್ತಿದ್ದ. ಎಂದಿನಂತೆ ಅಂಗಳದ ಕಡೆ ನೋಡುತ್ತಿರಲಿಲ್ಲ, ಹುಡುಗಿಯ ಮುಖ ನೋಡುತ್ತಿದ್ದ.

"ಸ್ವಲ್ಪ ಕಮ್ಮಿ ಐತ್ರಿ."

"ಸಾಯಬೇಕು ಅನ್ನೂದು?"

"ಅದೂ ಕಮ್ಮಿ ಆಗೇತ್ರಿ. ಹೋಗಿಲ್ಲ."

"ಹೋಗೂತನಕಾ ಕುಂಡ್ರು. ಅವಸರೇನೈತಿ. ನನಗೂ ಇವತ್ತ ಹೊಲದ ಕೆಲಸಿಲ್ಲ." ಸುಲಿದ ಕಾಳುಗಳನ್ನು ಬೊಗಸೆಯಲ್ಲಿ ತೆಗೆದು ಅವಳ ಹತ್ತಿರ ಇಟ್ಟ. ಅವನ ಹೊಲದಲ್ಲಿ ಆ ವಾರ ಭತ್ತದ ಕೊಯ್ಲು ನಡೆದಿತ್ತು. ಓಣಿಯಲ್ಲಿ ನಿಂತವರಿಬ್ಬರಿಗೂ ಅದು ಗೊತ್ತಿತ್ತು.

ಶಿವಗಂಗಾ ಕೆಮ್ಮಿದಳು. ಚನಬಸಪ್ಪ ತಿರುಗಿ ನೋಡಿ, ಗಾಬರಿಯಾಗದೆ, "ಬರ್ರಿ, ಕುಂಡ್ರಿ" ಎಂದ. "ಅನ್ನಾಬಾಯಿಗೆ ಹೇಳಿ ಕಳಿಸೇನಿ, ಮಗಳು ಇಲ್ಲೇ ಅದಾಳ ಅಂತ. ಆಸ್ಪತ್ರಿಗೂ ಹೇಳಿಕಳಿಸೇನಿ."

ನೀಲಕ್ಕ ಹುಡುಗಿಯ ಪಕ್ಕ ಕೂತು ಅವಳ ಕೂದಲನ್ನು ಕೈಯಲ್ಲಿ ಸರಿಮಾಡತೊಡಗಿದಳು. ಗುಳಿಗೆಯನ್ನು ಬಿಟ್ಟು ಬಹಳ ದಿನವಾಗಿತ್ತು ಎಂದು ಜುಲಿಯಾನಾ ಶಿವಗಂಗಾಳಿಗೆ ಹೇಳಿದಳು. ಅರಾಮಾಗಿದ್ದೇನಲ್ಲ ಎಂದು ಬಿಟ್ಟಿದ್ದಳು, ಅನ್ನಾಳೂ ಒಪ್ಪಿದ್ದಳು. ನಿದ್ದೆ ಮತ್ತೆ ಹೋಯಿತು. ಇವತ್ತು ಬೆಳಕು ಹರಿಯುವ ಮುಂಚೆ ಎದ್ದಾಗ ಹಳೆಯದೆಲ್ಲ ಒಮ್ಮೆಲೇ ಮೇಲೆ ಬಿತ್ತು, ತಾಯಿ ಬೇರೆಯವರ ಎಮ್ಮೆಯ ಹಾಲು ಕರೆಯಲು ಹೋಗಿದ್ದಳು, ತನಗೇ ತನ್ನ ಮೇಲೆ ಹೆದರಿಕೆಯಾಗಿ ಮಾವಶಿಯನ್ನು ಹುಡುಕಿಕೊಂಡು ಹಳ್ಳ ದಾಟಿ ಬಂದಳು.

"ಮಾವಶಿ ಇಲ್ಲ ಅಂದೆ ನಾನು" ಎಂದ ಚನಬಸಪ್ಪ. ಅವನು ಶಿವಗಂಗಾಳಿಗೆ ಹೇಳುತ್ತಿದ್ದನೋ ಹೆಂಡತಿಗೋ ತಿಳಿಯುವಂತಿರಲಿಲ್ಲ. "ಹೌದೇನ್ರಿ ಅಂತ ಹೊಳ್ಳಿ ಹೊಂಟ್ಲು. ಹಂಗ ಹೋಗೂದನ್ನ ನೋಡಿದೆ. ನಮ್ಮ ಸೋಮೂನೂ ಅವತ್ತ ಹಂಗ ಹೊಂಟಿದ್ದ. ಹೊಲಕ್ಕ ಹೋಗ್ತೇನಂತ. ಹೂಂ ಅಂದೆ." ಕೈಯಲ್ಲಿದ್ದ ಶೇಂಗಾ ಒಡೆಯದೆ ಹಾಗೇ ಹಿಡಿದುಕೊಂಡಿದ್ದ. "ಈಕೀಗೆ ಹೂಂ ಅನ್ನಲಿಲ್ಲ. ನಿಲ್ಲವಾ ಅಂದೆ. ಏನ ಕೇಳಬೇಕು ಗೊತ್ತಾಗಲಿಲ್ರಿ. ನೀವು ಕೇಳೂದನ್ನ ಇಲ್ಲೇ ಕುಂತ ಎಷ್ಟ ಸಲ ಹೇಳೀರಿ, ಅದನ್ನ ಕೇಳಿದೆ."

ಅವನು ಆ ಶೇಂಗಾ ಒಡೆದು ಕಾಳು ಪಕ್ಕಕ್ಕಿಟ್ಟು ಮತ್ತೆ ಮಾತಾಡಿದ.

"ಅವಗ ಹೊಟ್ಟಿನೋವು ಇರ್ಲಿಲ್ರಿ ಬಾಯಾರ. ನಿದ್ದಿ ಬರವಲ್ದು ಅಂತಿದ್ದ. ಬೆಳಗಾದ್ರ ಬ್ಯಾಸರ ಅಂತಿದ್ದ."

ಮಗ ಹೋದಾಗಿನಿಂದ ಗಂಡನ ಬಾಯಲ್ಲಿ ಈ ಮಾತನ್ನು ನೀಲಕ್ಕ ಕೇಳಿರಲಿಲ್ಲ. ಅವಳು ಅಳಲಿಲ್ಲ. ಹುಡುಗಿಯ ಕೂದಲನ್ನು ಮೂರು ಪಾಲು ಮಾಡಿ ಹೆಣೆಯುತ್ತ, "ನನಗೂ ಹಂಗ ಅಂದಿದ್ದ" ಎಂದಳು. ಆಮೇಲೆ ಗಂಡ ಹೆಂಡತಿ ಸೋಮಪ್ಪನ ಬಗ್ಗೆ ಮಾತಾಡಿದರು. ಅವನು ಗಂಟೆಗಟ್ಟಲೆ ಎತ್ತುಗಳ ಮೈ ತೊಳೆಯುತ್ತಿದ್ದದ್ದು, ಉಳವಿಯ ಜಾತ್ರೆಗೆ ಹೋದಾಗ ಗಾಡಿಯಲ್ಲಿ ಎಲ್ಲರನ್ನೂ ನಗಿಸಿದ್ದು. ಜುಲಿಯಾನಾ ನಡುನಡುವೆ ಏನಾದರೂ ಕೇಳುತ್ತಿದ್ದಳು. ಸುದ್ದಿ ಮುಟ್ಟುವುದು ತಡವಾಗಿ, ಊಟದ ಹೊತ್ತಿಗೆ ಅನ್ನಾ ಬಂದಳು. ಆ ಮಧ್ಯಾಹ್ನ ಐದೂ ಜನ ಅದೇ ಕಟ್ಟೆಯ ಮೇಲೆ ರೊಟ್ಟಿ ತಿಂದರು.

ಶಿವಗಂಗಾ ಗುಳಿಗೆಯನ್ನು ಮತ್ತೆ ಶುರು ಮಾಡಿದಳು, ಅರಾಮಾದ ಮೇಲೂ ಎಷ್ಟು ದಿನ ನುಂಗಬೇಕೆಂದು ಈ ಸಲ ಎಲ್ಲರಿಗೂ ತಿಳಿಯುವಂತೆ ಹೇಳಿದಳು. ಉಳಿದ ಊರುಗಳಲ್ಲೂ ಅದನ್ನೇ ತಿದ್ದಿಕೊಂಡಳು. ಕೆಲಸ ನಿಧಾನವಾಗಿ ಹಬ್ಬಿತು. ವಾಡೆಗೆ ಹೋಗುವವರು, ಊರಿಗೆ ಬರುವವರು ಒಬ್ಬೊಬ್ಬರಾಗಿ ಸೇರಿಕೊಂಡರು. ಎಲ್ಲ ಕಡೆಯೂ ಒಳ್ಳೆಯದೇ ಆಯಿತೆಂದಲ್ಲ. ರಾಮನಗರದ ಕಡೆ ಶಿವಲಿಂಗಪ್ಪ ಮಾಸ್ತರರು ಹೋಗುತ್ತಿದ್ದ ಮನೆಯ ಹುಡುಗ ಉಳಿಯಲಿಲ್ಲ. ಮಾಸ್ತರರು ಶಾಲೆಗೂ ಹೋಗದೆ ಮನೆ ಹಿಡಿದು ಕೂತಾಗ ಶಿವಗಂಗಾ ಅವರಲ್ಲಿಗೆ ಹೋದಳು. ಅವರನ್ನು ಮಾತಾಡಿಸಲು ಚನಬಸಪ್ಪನೂ ಜೊತೆಗೆ ಬಂದ. ಬಸ್ಸಿನಲ್ಲಿ ಅಷ್ಟು ದೂರ ಅವನು ಎಂದೂ ಹೋದವನಲ್ಲ. ಮಾಸ್ತರರ ಜೊತೆ ಏನು ಮಾತಾಡಿದನೋ, ಇಬ್ಬರೂ ಸಂಜೆಯ ತನಕ ಕೂತಿದ್ದರು. ಮಾಸ್ತರರು ಮುಂದಿನ ವಾರ ಶಾಲೆಗೆ ಹೋದರು, ಆ ಹುಡುಗನ ತಮ್ಮನನ್ನು ನೋಡಲೂ ಹೋದರು.

ಮೂರನೆಯ ವರ್ಷ ಶಿವಗಂಗಾ ಬೆಂಗಳೂರಿನಲ್ಲಿ ತಾನು ಕಂಡದ್ದನ್ನು ಡಾಕ್ಟರುಗಳ ಸಭೆಯಲ್ಲಿ ಓದಿದಳು. ಜನ ಬಹಳ ಕಡಿಮೆ, ಇದರಿಂದ ಗಟ್ಟಿಯಾಗಿ ಏನನ್ನೂ ಹೇಳಲಾಗದು ಎಂದು ಅವಳೇ ಮೊದಲು ಹೇಳಿದಳು. ಕೇಳಿದ್ದರಿಂದ ಕೆಡುಕಾದವರು ಯಾರೂ ತನಗೆ ಸಿಗಲಿಲ್ಲ ಎಂದೂ ಹೇಳಿದಳು. ಮುಂದಿನ ಸಾಲಿನಲ್ಲಿದ್ದ ಪ್ರಾಧ್ಯಾಪಕರು ಏನನ್ನೋ ಬರೆದುಕೊಂಡರು. ಹೊರಗೆ ಬಂದ ಮೇಲೆ, ಮುಂಡಗೋಡದಲ್ಲಿ ಯಾವಾಗ ಶುರು ಮಾಡುತ್ತೀರಿ ಎಂದು ಕೇಳಿದರು.

೧೯೮೫ರ ಚಳಿಗಾಲದಲ್ಲಿ ಜೋಯಿಡಾಕ್ಕೆ ಹೊರಟಿದ್ದ ಅವಳು ದಾರಿಯ ಒಂದು ಊರಿನಲ್ಲಿ ಇಳಿದಳು. ಅಲ್ಲಿಯ ಬಾಲವಾಡಿಗೆ ಜುಲಿಯಾನಾ ಟೀಚರಾಗಿ ಬಂದು ಆರು ತಿಂಗಳಾಗಿತ್ತು. ಹೆಂಚಿನ ಒಂದು ಕೋಣೆ, ಅದರ ತುಂಬ ಮೂಗು ಸುರಿಸುವ ಮಕ್ಕಳು. ಟೀಚರು ಸೆರಗು ಬಿಗಿದುಕೊಂಡು ಇಬ್ಬರು ಹುಡುಗರ ಜಗಳ ಬಿಡಿಸುತ್ತಿದ್ದಳು. ಶಿವಗಂಗಾಳನ್ನು ನೋಡಿ, "ಅಲ್ಲೇ ಕುಂಡ್ರಿ ಬಾಯಾರ, ಉಪ್ಪಿಟ್ಟು ಒಲಿ ಮ್ಯಾಲೆ ಐತಿ, ಸೀಯ್ತೈತಿ" ಎಂದು ಹಿಂದಕ್ಕೆ ಓಡಿದಳು. ಅಡುಗೆಯ ಗೋದುಬಾಯಿ ಅವತ್ತು ಬಂದಿರಲಿಲ್ಲ.

ಮಕ್ಕಳನ್ನು ಸಾಲಾಗಿ ಕೂರಿಸಿ ಬಡಿಸಿದ ಮೇಲೆ ಅವಳು ಉಸಿರು ಬಿಟ್ಟು ಎದುರು ಕೂತಳು.

"ಈಗ ಹೆಂಗದಿ?" ಶಿವಗಂಗಾ ಕೇಳಿದಳು.

"ಛಲೋ ಅದೀನ್ರಿ. ಕೆಲವು ದಿನ ಇರೂದಿಲ್ಲ. ಅಂಥ ದಿನ ಗೋದುಬಾಯಿಗೆ ಹೇಳ್ತೇನಿ. ಆಕಿ ಬೈಕೋತ ಬೈಕೋತ ಬಂದು ನನ್ನ ಮನ್ಯಾಗ ಕುಂಡ್ರತಾಳ." ಅಷ್ಟರಲ್ಲಿ ಒಂದು ಮಗು ತನ್ನ ಉಪ್ಪಿಟ್ಟನ್ನು ಪಕ್ಕದವನ ತಲೆಗೆ ಸುರಿಯಿತು. ಜುಲಿಯಾನಾ ಎದ್ದು ಹೋದಳು. ಆ ಮಗುವಿನ ಕೈ ತೊಳೆಸಿ, ಇನ್ನೊಬ್ಬನ ತಲೆ ಒರೆಸಿ, ಬರುವಾಗ ಶಿವಗಂಗಾಳಿಗೂ ಒಂದು ಎಲೆಯಲ್ಲಿ ಉಪ್ಪಿಟ್ಟು ಹಾಕಿಕೊಂಡು ಬಂದಳು. ತಳ ಸೀದಿತ್ತು. ಜೋಯಿಡಾದ ಬಸ್ಸು ಬರಲು ಇನ್ನೂ ಹೊತ್ತಿತ್ತು. ಶಿವಗಂಗಾ ಮಕ್ಕಳ ಸಾಲಿನಲ್ಲಿ ಕೂತು ಅದನ್ನು ಪೂರಾ ತಿಂದಳು.